ಚನ್ನರಾಯಪಟ್ಟಣ ಹೋಬಳಿಯ ಓಟಗಾರರಿಗೆ, ಜಿಗಿತಗಾರರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಹುಡುಗರೇ, ಹುಡುಗಿಯರೇ,

ಚನ್ನರಾಯಪಟ್ಟಣ, ನಲ್ಲೂರು, ಹ್ಯಾಡಾಳ, ಹರಳೂರು, ಪಾಳ್ಯ, ಪೋಲನಹಳ್ಳಿ, ಗೋಕರೆ ಬಚ್ಚೇನಹಳ್ಳಿ ಕಡೆಯಿಂದ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಬಂದು ನೂರು, ಇನ್ನೂರು ಮೀಟರ್ ಓಡುವ, ಉದ್ದ ಜಿಗಿತ, ಎತ್ತರ ಜಿಗಿತ, ತ್ರಿವಿಧ ಜಿಗಿತಕ್ಕೆ ಹೆಸರು ಕೊಡುವ, ಗುಂಡು ಎಸೆಯುವ ನಿಮಗೆಲ್ಲ ಈ ಪತ್ರ. ಓದು ಮುಗಿಸಿ, ಪೊಲೀಸ್ ಪೇದೆ ಹುದ್ದೆಯ ದೈಹಿಕ ಪರೀಕ್ಷೆಗೆಂದು ನಸುಕಿನಲ್ಲೆದ್ದು ರಸ್ತೆಯಲ್ಲಿ ಓಡುತ್ತಿರುವ ನಿಮ್ಮ ಅಣ್ಣಂದಿರು, ಅಕ್ಕಂದಿರಿಗೂ ಇದೇ ಪತ್ರ. ಕೂಟಗಳಲ್ಲಿ ಜಿಗಿತದ ಗುಂಡಿಯ ಪಕ್ಕ ಟೇಪು ಹಿಡಿದು ನಿಲ್ಲುವವರಲ್ಲಿ ನಾನೂ ಒಬ್ಬ. ನಿಮ್ಮ ಮುಖಗಳಿಗಿಂತ ನಿಮ್ಮ ಪಾದಗಳನ್ನೇ ಹೆಚ್ಚು ನೋಡಿದ್ದೇನೆ. ನೋಡಿ ನೋಡಿ ತಿಳಿದದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ನೀವು ಓಡುತ್ತಿರುವುದು ಕಡಿಮೆಯೇನಿಲ್ಲ. ನಿಮ್ಮ ಕಾಲಿನಲ್ಲಿ ಬಲ ಸಾಲದು.

ನಿಮ್ಮಲ್ಲಿ ಬಹುಪಾಲು ಮಂದಿಗೆ ಅಭ್ಯಾಸವೆಂದರೆ ಮೈದಾನದ ಸುತ್ತು. ಬೆಳಗ್ಗೆ ಐದು ಸುತ್ತು, ಸಂಜೆ ಐದು ಸುತ್ತು. ಕೂಟ ಹತ್ತಿರ ಬಂದರೆ ಅದು ಹತ್ತಾಗುತ್ತದೆ. ಸೋತರೆ, ಇನ್ನೂ ಹೆಚ್ಚು ಸುತ್ತು ಹಾಕಬೇಕಿತ್ತು ಅನ್ನಿಸುತ್ತದೆ. ನೂರು ಮೀಟರ್ ಓಡುವವರಿಗೂ ಸುತ್ತು, ಜಿಗಿಯುವವರಿಗೂ ಸುತ್ತು, ಗುಂಡು ಎಸೆಯುವವರಿಗೂ ಸುತ್ತು. ಇದರಿಂದ ದಮ್ಮು ಬರುತ್ತದೆ, ಸಾವಿರದೈನೂರು ಮೀಟರ್ ಓಡುವವರಿಗೆ ಅದು ಬೇಕು. ನೂರು ಮೀಟರ್ ಓಟ ಹನ್ನೆರಡು ಹದಿಮೂರು ಸೆಕೆಂಡಿನ ಮಾತು. ಅಷ್ಟು ಹೊತ್ತಿಗೆ ದಮ್ಮಿನ ಲೆಕ್ಕವೇ ಬರುವುದಿಲ್ಲ. ನಿಧಾನವಾಗಿ ಓಡಿ ಓಡಿ ಕಾಲಿಗೆ ನಿಧಾನವೇ ರೂಢಿಯಾಗುತ್ತದೆ.

ವೇಗ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ಕಾಲನ್ನು ಬೇಗ ಬೇಗ ಆಡಿಸುವುದರಿಂದ ಎಂದು ನೀವು ಹೇಳುತ್ತೀರಿ. ನಾನೂ ಬಹಳ ಕಾಲ ಹಾಗೆಯೇ ಕೇಳಿಕೊಂಡು ಬಂದಿದ್ದೆ. 2000ದಲ್ಲಿ ಅಮೆರಿಕದ ಪೀಟರ್ ವೇಯಾಂಡ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ವೇಗದ ಓಟಗಾರರನ್ನೂ ಸಾಮಾನ್ಯ ಓಟಗಾರರನ್ನೂ ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದರು. ತಮ್ಮ ತಮ್ಮ ಪೂರ್ತಿ ವೇಗದಲ್ಲಿ ಓಡುವಾಗ ಎರಡೂ ಬಗೆಯವರು ಕಾಲನ್ನು ಗಾಳಿಯಲ್ಲಿ ಮುಂದಕ್ಕೆ ತರಲು ತೆಗೆದುಕೊಳ್ಳುವ ಹೊತ್ತು ಹೆಚ್ಚುಕಡಿಮೆ ಒಂದೇ ಆಗಿತ್ತು. ವ್ಯತ್ಯಾಸ ಇದ್ದದ್ದು ಪಾದ ನೆಲಕ್ಕೆ ತಾಗಿದಾಗ. ವೇಗದವರು ತಮ್ಮ ಮೈತೂಕಕ್ಕೆ ಹೋಲಿಸಿದರೆ ನೆಲವನ್ನು ಹೆಚ್ಚು ಬಲವಾಗಿ ಒತ್ತುತ್ತಿದ್ದರು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಿನಲ್ಲಿ ನೂರು ಮೀಟರ್ ಮುಗಿಸಲು ಇಟ್ಟದ್ದು 41 ಹೆಜ್ಜೆ. ಆ ಮಟ್ಟದ ಓಟಗಾರರು ಪೂರ್ತಿ ವೇಗಕ್ಕೆ ಬಂದಮೇಲೆ ಪ್ರತಿ ಹೆಜ್ಜೆಯಲ್ಲೂ ಪಾದ ನೆಲದ ಮೇಲಿರುವುದು ಒಂದು ಸೆಕೆಂಡಿನ ಹತ್ತನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಷ್ಟರೊಳಗೆ ಇಡೀ ಮೈಯನ್ನು ಹೊತ್ತು ಮುಂದಕ್ಕೆ ಎಸೆಯಬೇಕು. ಅದಕ್ಕೆ ಬೇಕಾದ್ದು ತೊಡೆ, ಪಿರ್ರೆ, ಮೀನಖಂಡದ ಬಲ.

ಉದ್ದ ಜಿಗಿತದ ಹಲಗೆಯ ಬಳಿ ಇದು ಕಣ್ಣಿಗೆ ಕಾಣುತ್ತದೆ. ಹುಡುಗಿ ಒಳ್ಳೆಯ ವೇಗದಲ್ಲಿ ಓಡಿ ಬರುತ್ತಾಳೆ. ಹೆಜ್ಜೆ ಸರಿಯಾಗಿ ಹಲಗೆಯ ಮೇಲೆ ಬೀಳುತ್ತದೆ. ಆ ಕ್ಷಣದಲ್ಲಿ ಮೊಣಕಾಲು ಮಡಚಿಕೊಳ್ಳುತ್ತದೆ, ಸೊಂಟ ಕುಸಿಯುತ್ತದೆ, ಗಾಳಿ ಇಳಿದ ಚೆಂಡು ನೆಲಕ್ಕೆ ಬಿದ್ದ ಹಾಗೆ ಪುಟಿತವೇ ಇಲ್ಲ. ಓಡಿ ತಂದ ವೇಗವೆಲ್ಲ ಅಲ್ಲೇ ಸತ್ತುಹೋಗುತ್ತದೆ. ಮೂರೂವರೆ, ಮೂರು ಮುಕ್ಕಾಲು ಮೀಟರಿನಲ್ಲಿ ಮರಳಿಗೆ ಬೀಳುತ್ತಾಳೆ. ಪಕ್ಕದಲ್ಲಿ ನಿಂತವರು ‘ಇನ್ನೂ ಜೋರಾಗಿ ಓಡಬೇಕಿತ್ತು’ ಎನ್ನುತ್ತಾರೆ. ಅವಳು ಸಾಕಷ್ಟು ಜೋರಾಗಿಯೇ ಓಡಿದ್ದಳು. ಹಲಗೆಯ ಮೇಲೆ ಕಾಲಿರುವ ಸೆಕೆಂಡಿನ ಎಂಟನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ ಮೈತೂಕದ ಎಷ್ಟೋ ಪಟ್ಟು ಭಾರವನ್ನು ಆ ಒಂದು ಕಾಲು ತಡೆಯಬೇಕು. ತ್ರಿವಿಧ ಜಿಗಿತದಲ್ಲಂತೂ ಕುಪ್ಪಳಿಸಿ ಅದೇ ಕಾಲಿನ ಮೇಲೆ ಇಳಿಯುವಾಗ ಬೀಳುವ ಹೊಡೆತ ಮೈತೂಕದ ಹತ್ತು ಪಟ್ಟನ್ನೂ ಮೀರಬಹುದು. ಇಷ್ಟನ್ನು ತಾಳುವ ಕಾಲು ಸುತ್ತು ಹಾಕಿದರೆ ಬರುವುದಿಲ್ಲ.

ನಮ್ಮ ಗುಂಡಿಗಳ ವಿಷಯವನ್ನೂ ಹೇಳಬೇಕು. ಹೊಳೆ ಮರಳು ಸಿಗುವುದಿಲ್ಲ, ಸಿಕ್ಕರೂ ಬೆಲೆ ಕೈಗೆಟುಕುವುದಿಲ್ಲ. ಕೂಟದ ಹಿಂದಿನ ದಿನ ಒಂದು ಟ್ರ್ಯಾಕ್ಟರ್ ಎಂ-ಸ್ಯಾಂಡ್ ತಂದು ಸುರಿಯುತ್ತಾರೆ. ರಾತ್ರಿ ಮಳೆ ಬಿದ್ದರೆ ಬೆಳಗ್ಗೆ ಅದು ಗಾರೆ ನೆಲದಂತೆ ಗಟ್ಟಿಯಾಗಿರುತ್ತದೆ. ಗುದ್ದಲಿಯಿಂದ ಅಗೆದು ಹುಡಿ ಮಾಡದೆ ಯಾರೂ ಅದರ ಮೇಲೆ ಜಿಗಿಯಬೇಡಿ. ಜಿಗಿಯುವವರಲ್ಲಿ ಯಾರಾದರೂ ಮುಂದೆ ಬಂದು ‘ಸಾರ್, ಮೊದಲು ಗುಂಡಿ ಅಗೆಯೋಣ’ ಎಂದರೆ ಅದು ಅಧಿಕಪ್ರಸಂಗವಲ್ಲ. ನಿಮ್ಮ ಹಿಮ್ಮಡಿ, ನಿಮ್ಮ ಬೆನ್ನು.

ಬಲ ಬರಬೇಕಾದರೆ ಏನು ಮಾಡಬೇಕು? ಮೊದಲು ಬಸ್ಕಿ. ಶಾಲೆಯಲ್ಲಿ ಬಸ್ಕಿ ಶಿಕ್ಷೆಯಾಗಿ ಕುಳಿತಿರುವುದರಿಂದ ನಿಮಗೆ ಅದರ ಮೇಲೆ ಸಿಟ್ಟು. ಹಳೆ ಮೈಸೂರು ಸೀಮೆಯ ಗರಡಿಗಳಲ್ಲಿ ಪೈಲ್ವಾನರು ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿಯೇ ಮೈ ಕಟ್ಟಿದ್ದು. ಇಡೀ ಪಾದ ನೆಲಕ್ಕೆ ಊರಿ, ಬೆನ್ನು ಬಾಗಿಸದೆ, ಮೊಣಕಾಲು ಒಳಕ್ಕೆ ವಾಲದಂತೆ ಕೂತು ಏಳುವುದನ್ನು ಕಲಿಯಿರಿ. ಅದು ಸಲೀಸಾದ ಮೇಲೆ ಮಣ್ಣು ತುಂಬಿದ ಚೀಲವೊಂದನ್ನು ಎದೆಗೆ ಅವುಚಿಕೊಂಡು ಮಾಡಿ. ಆಮೇಲೆ ಒಂಟಿ ಕಾಲಿನಲ್ಲಿ ಶಾಲೆಯ ಜಗಲಿ ಹತ್ತುವುದು, ಹಗ್ಗದಾಟ, ಎರಡು ಕಾಲೂ ಜೋಡಿಸಿ ನಿಂತಲ್ಲಿಂದ ಮುಂದಕ್ಕೆ ಹಾರುವುದು. ಏರುಮುಖವಾಗಿ ಓಡಲು ಕೆರೆ ಏರಿಯ ಇಳಿಜಾರು ಇದೆ. ಕೆಳಗಿನಿಂದ ಮೇಲಕ್ಕೆ ಮೂವತ್ತು ಮೀಟರ್ ಪೂರ್ತಿ ಜೋರಿನಲ್ಲಿ ಓಡಿ, ನಡೆದುಕೊಂಡೇ ಇಳಿದು ಬನ್ನಿ. ಹತ್ತುವಾಗ ನೆಲವನ್ನು ಹಿಂದಕ್ಕೆ ಒತ್ತದೆ ಗತಿಯಿಲ್ಲ, ಕಾಲಿಗೆ ಅದು ತಾನಾಗಿಯೇ ಅಭ್ಯಾಸವಾಗುತ್ತದೆ.

ಈಗ ಹೇಳುವುದನ್ನು ನೀವು ನಂಬಲಿಕ್ಕಿಲ್ಲ. ವೇಗದ ಓಟದ ಅಭ್ಯಾಸದಲ್ಲಿ ಓಡುವ ಹೊತ್ತಿಗಿಂತ ಸುಮ್ಮನೆ ನಿಲ್ಲುವ ಹೊತ್ತು ಹೆಚ್ಚಿರಬೇಕು. ಪೂರ್ತಿ ವೇಗಕ್ಕೆ ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿ ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ಮತ್ತೆ ತುಂಬಲು ಮೂರರಿಂದ ಐದು ನಿಮಿಷ ಬೇಕು. ಅರವತ್ತು ಮೀಟರ್ ಓಡಿದ ಮೇಲೆ ನಾಲ್ಕೈದು ನಿಮಿಷ ಸುಮ್ಮನೆ ನಿಂತಿರಿ, ಇಲ್ಲವೇ ನಿಧಾನವಾಗಿ ನಡೆದಾಡಿಕೊಂಡಿರಿ. ಅಂಥ ಐದಾರು ಓಟ ಸಾಕು. ವಾರದಲ್ಲಿ ಮೂರು ದಿನ ಹೀಗೆ ಮಾಡಿ, ನಡುವೆ ಒಂದೊಂದು ದಿನ ಬಿಡಿ. ಸುಸ್ತಾದ ಮೇಲೂ ಓಡುವುದು ಸುಸ್ತಾಗಿ ಓಡುವುದನ್ನೇ ಕಲಿಸುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮೊಣಚಿಪ್ಪಿನ ಕೆಳಗೆ ನೋವು ಬಂದರೆ ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿಕೊಂಡು ಜಿಗಿಯಬೇಡಿ. ಕೆಲವು ವಾರ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಒಂದು ಕೂಟ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ.

ಭಾರ ಎತ್ತಿದರೆ ಎತ್ತರ ಬೆಳೆಯುವುದಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ತಿಳಿದವರ ಕಣ್ಣೆದುರು, ಮೈಗೆ ತಕ್ಕ ಭಾರದಿಂದ, ಸರಿಯಾದ ಕ್ರಮದಲ್ಲಿ ಮಾಡಿದರೆ ಬೆಳವಣಿಗೆಗೆ ಕುಂದಿಲ್ಲವೆಂದು ಮಕ್ಕಳ ತಜ್ಞರ ಅಮೆರಿಕನ್ ಅಕಾಡೆಮಿಯಂಥ ಸಂಸ್ಥೆಗಳೇ ಹೇಳಿವೆ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಲಾರಿ ಚಾಲಕರ ಮಗ. ಕುಸ್ತಿಪಟು ಆಗಬೇಕೆಂದು ಹೊರಟವರು, ಉಜಿರೆಯ ಕಾಲೇಜಿಗೆ ಬಂದ ಮೇಲೆ ಭಾರ ಎತ್ತುವ ಕಡೆ ತಿರುಗಿದರು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದಲ್ಲಿ 269 ಕೆಜಿ ಎತ್ತಿ ಕಂಚು. ನಾಲ್ಕು ವರ್ಷದಲ್ಲಿ ಹೆಚ್ಚಿದ್ದು ಇಪ್ಪತ್ತು ಕೆಜಿ. ಬಲ ಬೆಳೆಯುವ ನಡೆ ಹೀಗಿರುತ್ತದೆ.

ಓಟದಲ್ಲೂ ಹಾಗೆಯೇ. ಉಡುಪಿ ಜಿಲ್ಲೆಯ ಮಣಿಕಂಠ ಹೋಬಳಿದಾರ 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನೂರು ಮೀಟರನ್ನು 10.23 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಬರೆದರು. 2025ರ ಮಾರ್ಚ್ 28ರಂದು ಅದೇ ಊರಿನಲ್ಲಿ ಪಂಜಾಬಿನ ಗುರಿಂದರ್‌ವೀರ್ ಸಿಂಗ್ 10.20 ಓಡಿ ಆ ದಾಖಲೆ ಮುರಿದರು. ಆ ಓಟದಲ್ಲಿ ಮಣಿಕಂಠ ಎರಡನೆಯವರಾಗಿ ಬಂದರೂ ಓಡಿದ್ದು 10.22, ತಮ್ಮದೇ ಹಳೆಯ ದಾಖಲೆಗಿಂತ ನೂರನೇ ಒಂದು ಸೆಕೆಂಡು ಮುಂದೆ. ಒಂದೂವರೆ ವರ್ಷದ ದುಡಿಮೆಗೆ ಸಿಕ್ಕ ಕೂಲಿ ಅಷ್ಟು, ಅದನ್ನು ಅವರು ಗಳಿಸಿಕೊಂಡರು. ಮುಂದಿನ ತಿಂಗಳೇ ಗುರಿಂದರ್‌ವೀರ್, ಅನಿಮೇಶ್ ಕುಜೂರ್, ಮಣಿಕಂಠ, ಅಮ್ಲಾನ್ ಬೊರ್ಗೊಹೈನ್ ನಾಲ್ವರೂ ಸೇರಿ 4x100 ರಿಲೇಯಲ್ಲಿ 38.69 ಸೆಕೆಂಡಿನ ರಾಷ್ಟ್ರೀಯ ದಾಖಲೆ ಮಾಡಿದರು. ಉದ್ದ ಜಿಗಿತದ 8.42 ಮೀಟರಿನ ರಾಷ್ಟ್ರೀಯ ದಾಖಲೆಯನ್ನು ಜೆಸ್ವಿನ್ ಆಲ್ಡ್ರಿನ್ ಮಾಡಿದ್ದೂ ನಮ್ಮ ನೆಲದಲ್ಲೇ, 2023ರ ಮಾರ್ಚ್‌ನಲ್ಲಿ, ಬಳ್ಳಾರಿ ಜಿಲ್ಲೆಯ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲಿ. ನೋಡಬೇಕೆನ್ನಿಸಿದರೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ನಿಮ್ಮೂರಿನಿಂದ ಒಂದು ಬಸ್ಸಿನ ದೂರ. ರಾಷ್ಟ್ರೀಯ ಕೂಟ ನಡೆಯುವಾಗ ಹೋಗಿ, ಓಡುವವರ ಮುಖ ಬಿಟ್ಟು ಕಾಲು ನೋಡಿ.

ಇನ್ನು ಊಟ. ನಿಮ್ಮಲ್ಲಿ ಹಲವರ ಮನೆಯಲ್ಲಿ ಸೀಮೆಹಸು ಇದೆ. ಬೆಳಗ್ಗೆ, ಸಂಜೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಿ ಬರುವವರೂ ನೀವೇ. ಮನೆಗೆ ಉಳಿಯುವುದು ಕಾಫಿಗಾಗುವಷ್ಟು. ಆಮೇಲೆ ಜಿಮ್ಮಿನವರ ಮಾತು ಕೇಳಿ, ಅದೇ ಹಾಲಿನ ಬಟವಾಡೆ ದುಡ್ಡಿನಲ್ಲಿ ಎರಡು ಮೂರು ಸಾವಿರ ಕೊಟ್ಟು ಪ್ರೋಟೀನ್ ಡಬ್ಬಿ ತರುತ್ತೀರಿ. ಆ ಡಬ್ಬಿಯಲ್ಲಿರುವುದು ಏನು? ಹಾಲು ಒಡೆದಾಗ ಬೇರೆಯಾಗುವ ತಿಳಿನೀರನ್ನು ಒಣಗಿಸಿದ ಪುಡಿ. ಮನೆಯ ಹಾಲನ್ನು ಅಗ್ಗಕ್ಕೆ ಮಾರಿ, ಹಾಲಿನ ಪುಡಿಯನ್ನು ದುಬಾರಿಗೆ ಕೊಳ್ಳುವ ಈ ವ್ಯಾಪಾರ ನನಗೆ ಬಹಳ ನೋವು ಕೊಡುತ್ತದೆ. ಐವತ್ತು ಕೆಜಿ ತೂಗುವ ಓಟಗಾರನಿಗೆ ದಿನಕ್ಕೆ ಸುಮಾರು 80 ಗ್ರಾಂ ಪ್ರೋಟೀನ್ ಸಿಕ್ಕರೆ ಧಾರಾಳ. ಮೂರು ಮೊಟ್ಟೆಯಲ್ಲಿ 18 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16, ನೂರು ಗ್ರಾಂ ಹುರುಳಿಕಾಳಿನಲ್ಲಿ 22ರ ಆಸುಪಾಸು, ಒಂದು ಹಿಡಿ ಕಡಲೆಬೀಜದಲ್ಲಿ ಹತ್ತು ಹನ್ನೆರಡು, ಎರಡು ಹೊತ್ತಿನ ಮುದ್ದೆಯ ರಾಗಿಯಲ್ಲಿ ಹದಿನಾಲ್ಕು. ಕೂಡಿಸಿ ನೋಡಿ. ಸರ್ಕಾರಿ ಶಾಲೆಯಲ್ಲಿ ಓದುವವರಿಗೆ ಹಾಲು, ಮೊಟ್ಟೆ ಅಲ್ಲೇ ಸಿಗುತ್ತದೆ. ಅದನ್ನು ಬಿಡಬೇಡಿ. ಮನೆಯಲ್ಲಿ ಅರ್ಧ ಲೀಟರ್ ಹಾಲು ಎತ್ತಿಟ್ಟು ಉಳಿದದ್ದನ್ನು ಡೈರಿಗೆ ಹಾಕೋಣವೆಂದು ಅಮ್ಮನಿಗೆ ಹೇಳಿ, ಒಪ್ಪುತ್ತಾರೆ.

ಡಬ್ಬಿ ಬರೀ ದುಡ್ಡಿನ ನಷ್ಟವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದರ ಬೆನ್ನಿಗೇ ಮಾತ್ರೆ ಬರುತ್ತದೆ, ಮಾತ್ರೆಯ ಬೆನ್ನಿಗೆ ಸೂಜಿ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟ ನಡೆಯಿತು. ಶೌಚಾಲಯದಲ್ಲಿ ಬಿದ್ದಿದ್ದ ಸಿರಿಂಜುಗಳ ವಿಡಿಯೊ ಹೊರಬಂತು. ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಅಧಿಕಾರಿಗಳು ಬಂದಿದ್ದಾರೆಂಬ ಸುದ್ದಿ ಹಬ್ಬುತ್ತಲೇ ಮೈದಾನ ಖಾಲಿಯಾಯಿತು. ಪುರುಷರ ನೂರು ಮೀಟರ್ ಫೈನಲ್‌ನಲ್ಲಿ ಗೆರೆಯ ಮೇಲೆ ನಿಂತದ್ದು ಒಬ್ಬನೇ ಹುಡುಗ. ಇನ್ನೊಂದು ಓಟದಲ್ಲಿ ಒಬ್ಬಳು ಗುರಿ ಮುಟ್ಟಿದ ಮೇಲೂ ನಿಲ್ಲದೆ ಓಡಿಬಿಟ್ಟಳು, ಪರೀಕ್ಷೆಗೆ ಮಾದರಿ ಕೊಡಬೇಕಾಗುತ್ತದೆಂದು. ಅವಳೂ ಯಾವುದೋ ಊರಿನ ಶಾಲೆಯ ಮೈದಾನದಿಂದ ಹೊರಟವಳೇ. 2023ರಲ್ಲಿ ನಮ್ಮ ದೇಶದಲ್ಲಿ 5,606 ಮಾದರಿ ಪರೀಕ್ಷಿಸಿದಾಗ 213ರಲ್ಲಿ ಮದ್ದು ಸಿಕ್ಕಿತು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ ಇಷ್ಟು ಕೆಟ್ಟ ಪ್ರಮಾಣ ಬೇರೆ ಯಾರದೂ ಇರಲಿಲ್ಲ.

ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ 4x400 ರಿಲೇ ಚಿನ್ನ, ಮರುತಿಂಗಳು ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇಯಲ್ಲೂ ಚಿನ್ನ ಗೆದ್ದವರು. ಮರುವರ್ಷ ಅವರೂ ರಿಲೇ ತಂಡದ ಇತರರೂ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ತಂದುಕೊಟ್ಟ ಜಿನ್ಸೆಂಗ್ ಪುಡಿಯಲ್ಲಿ ಬೆರೆತಿತ್ತು, ನಮಗೆ ತಿಳಿಯದು ಎಂದರು. ಕೇಳಿದವರಿಗೆ ಕನಿಕರ ಬಂತು, ಮೊದಲು ಒಂದು ವರ್ಷದ ನಿಷೇಧವಾಯಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನಿಮ್ಮ ಮೈಯಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ, ಕೊಟ್ಟವರು ಯಾರೇ ಆಗಿರಲಿ. ನಿಯಮ ಅಷ್ಟು ಕಟ್ಟುನಿಟ್ಟು. ಆದ್ದರಿಂದ ಯಾರಾದರೂ, ಎಷ್ಟೇ ಬೇಕಾದವರಾಗಿರಲಿ, ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಮಾತ್ರೆ ಕೈಗಿಟ್ಟರೆ ತೆಗೆದುಕೊಳ್ಳಬೇಡಿ. ಜ್ವರಕ್ಕೆ, ನೋವಿಗೆ ಔಷಧ ಬರೆಸಿಕೊಳ್ಳುವಾಗಲೂ ನಾನು ಕ್ರೀಡಾಪಟು ಎಂದು ವೈದ್ಯರಿಗೆ ಹೇಳಿ.

ಪೊಲೀಸ್ ಪರೀಕ್ಷೆಗೆ ಓಡುತ್ತಿರುವವರೇ, ನಿಮ್ಮ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಗಂಡಸರಿಗೆ 1,600 ಮೀಟರ್ ಓಟ ಆರೂವರೆ ನಿಮಿಷದಲ್ಲಿ. ಉದ್ದ ಜಿಗಿತ 3.80 ಮೀಟರ್, ಇಲ್ಲವೇ ಎತ್ತರ ಜಿಗಿತ 1.20, 7.26 ಕೆಜಿ ಗುಂಡನ್ನು 5.60 ಮೀಟರ್ ಎಸೆಯಬೇಕು. ಹೆಂಗಸರಿಗೆ 400 ಮೀಟರ್ ಎರಡು ನಿಮಿಷದಲ್ಲಿ. ಉದ್ದ ಜಿಗಿತ 2.50 ಅಥವಾ ಎತ್ತರ ಜಿಗಿತ 0.90, 4 ಕೆಜಿ ಗುಂಡು 3.75 ಮೀಟರ್. ಓಟ ಒಂದೇ ದಮ್ಮಿನದು, ಉಳಿದೆಲ್ಲ ಬಲದ ಕೆಲಸ. ನೀವು ತಿಂಗಳುಗಟ್ಟಲೆ ರಸ್ತೆಯಲ್ಲಿ ಓಡಿ, ಗುಂಡನ್ನು ಪರೀಕ್ಷೆಯ ದಿನವೇ ಮೊದಲು ಮುಟ್ಟುತ್ತೀರಿ. ವಾರಕ್ಕೆರಡು ದಿನ ಬಸ್ಕಿ, ದಂಡ, ಗುಂಡು ಎಸೆತಕ್ಕೆ ಕೊಡಿ. ನಸುಕಿನಲ್ಲಿ ಕಪ್ಪು ಬಟ್ಟೆ ಹಾಕಿಕೊಂಡು ಲಾರಿ ಓಡಾಡುವ ರಸ್ತೆಯಲ್ಲಂತೂ ಓಡಲೇಬೇಡಿ.

ಹುಡುಗಿಯರಿಗೆ ಬೇರೆಯಾಗಿ ಒಂದು ಮಾತು. ಭಾರ ಎತ್ತಿದರೆ ಗಂಡಸರ ಮೈಯಾಗುತ್ತದೆ ಎನ್ನುವುದು ಬರೀ ಹೆದರಿಕೆ, ಹೆಣ್ಣಿನ ಮೈಯ ಹಾರ್ಮೋನುಗಳು ಅದಕ್ಕೆ ಎಡೆ ಕೊಡುವುದಿಲ್ಲ. ಬೇಗ ಸುಸ್ತಾಗುತ್ತಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ರಕ್ತಹೀನತೆ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಾಚೆ ಎಸೆಯಬೇಡಿ. ದಕ್ಷಿಣ ಕನ್ನಡದ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಆದರೆ ಹತ್ತನೇ ತರಗತಿ ಮುಗಿದೊಡನೆ ನಿಮ್ಮಲ್ಲಿ ಎಷ್ಟೋ ಮಂದಿ ಕೂಟಕ್ಕೆ ಬರುವುದೇ ನಿಂತುಹೋಗುತ್ತದೆ. ನಿಮ್ಮ ಮೈ ನಿಜವಾದ ಬಲಕ್ಕೆ ಬರುವುದು ಆ ವಯಸ್ಸಿನ ನಂತರ. ಅಪ್ಪಂದಿರು ಇದನ್ನು ಓದುತ್ತಿದ್ದರೆ, ದಯವಿಟ್ಟು ಮಗಳನ್ನು ಇನ್ನೂ ಮೂರು ವರ್ಷ ಮೈದಾನಕ್ಕೆ ಕಳಿಸಿ.

ಕೊನೆಗೆ ನೆಲದ ವಿಷಯ. ನಿಮ್ಮ ಹೋಬಳಿಯ ಹದಿಮೂರು ಹಳ್ಳಿಗಳ 1,777 ಎಕರೆ ಸ್ವಾಧೀನವಾಗದಂತೆ ತಡೆಯಲು ನಿಮ್ಮ ಅಪ್ಪ, ಅಮ್ಮ, ಅಜ್ಜಿಯರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಭೂಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು. ರಾಗಿ, ಹಿಪ್ಪುನೇರಳೆ, ದ್ರಾಕ್ಷಿ ಬೆಳೆಯುವ ಹೊಲ ಉಳಿಯಿತು. ಆ ಹೋರಾಟದಲ್ಲಿ ನಿಮ್ಮಲ್ಲಿ ಕೆಲವರೂ ಶಾಲೆ ಬಿಟ್ಟ ಮೇಲೆ ಹೋಗಿ ಕೂತಿದ್ದೀರಿ. ಈಗ ನಿಮಗೆಂದು ಸ್ವಲ್ಪ ನೆಲ ಕೇಳಿ. ನಾನು ಲೆಕ್ಕ ಹಾಕಿದ್ದೇನೆ. ಒಂದು ಓಟದ ಓಣಿಯ ಅಗಲ 1.22 ಮೀಟರ್. ಎಂಟು ಓಣಿಗೆ ಹತ್ತು ಮೀಟರ್ ಬೇಕು. ನೂರು ಮೀಟರ್ ಓಟಕ್ಕೆ, ಹಿಂದೆ ನಿಲ್ಲಲು, ಮುಂದೆ ನಿಧಾನಿಸಲು ಸೇರಿ 130 ಮೀಟರ್ ಉದ್ದ. ಅಲ್ಲಿಗೆ ಹದಿಮೂರು ಗುಂಟೆ. ನಲವತ್ತು ಮೀಟರ್ ಓಟದ ದಾರಿ, ಒಂಬತ್ತು ಮೀಟರಿನ ಮರಳು ಗುಂಡಿ ಇರುವ ಜಿಗಿತದ ಅಂಕಣಕ್ಕೆ ಎರಡು ಗುಂಟೆಯೂ ಬೇಡ. ಒಟ್ಟು ಹದಿನೈದು ಗುಂಟೆಯಲ್ಲಿ ಒಂದು ಊರಿನ ಓಟಗಾರರು, ಜಿಗಿತಗಾರರು ವರ್ಷವಿಡೀ ಅಭ್ಯಾಸ ಮಾಡಬಹುದು. ನಾನೂರು ಮೀಟರಿನ ಸಿಂಥೆಟಿಕ್ ಟ್ರ್ಯಾಕು ಆಮೇಲೆ ನೋಡೋಣ. ಗಟ್ಟಿಸಿದ ಮಣ್ಣು, ಸುಣ್ಣದ ಗೆರೆ, ಹುಡಿ ಮರಳು ಇದ್ದರೆ ಸದ್ಯಕ್ಕೆ ಸಾಕು.

ಮುಂದಿನ ಗ್ರಾಮಸಭೆಗೆ ನೀವೇ ಹೋಗಿ. ಊರಿನ ಗೋಮಾಳವೋ ಶಾಲೆಯ ಹಿಂದಿನ ಜಾಗವೋ, ಯಾವ ನೆಲ ಎಂದು ಗುರುತಿಸಿಕೊಂಡು, ಸರ್ವೆ ನಂಬರ್ ಬರೆದು, ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಿ. ಸ್ವೀಕೃತಿ ಪತ್ರ ಪಡೆಯದೆ ವಾಪಸ್ ಬರಬೇಡಿ. ಅಪ್ಪ ಅಮ್ಮಂದಿರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅರ್ಜಿ ಕೊಟ್ಟು ಉತ್ತರ ಬರುವ ತನಕ ಬಿಡದೆ ಕೂರುವುದು ಹೇಗೆಂದು ಅವರಿಗೆ ಗೊತ್ತಿದೆ.

ಇಂತಿ,
ನಿಮ್ಮ ಹಿತೈಷಿ